ನೆಲ್ಲಿಕಾಯಿ ಮತ್ತು ಅಮ್ಮನ ಒಣಬಾಯಿ

ಅಮ್ಮ ವಸಂತದಲ್ಲಿ ಅಮೆರಿಕದ ಅರೋರಾ ಊರಿನ ನಮ್ಮ ಮನೆಗೆ ಬಂದವಳು, ಹಿಮ ಬೀಳುವ ಹೊತ್ತಿಗೆ ರೊಟ್ಟಿ, ಚಪಾತಿ ಮುಟ್ಟುವುದನ್ನೇ ಬಿಟ್ಟಿದ್ದಳು. ಬರೀ ಮಜ್ಜಿಗೆ ಅನ್ನ, ಅದೂ ನಾಲ್ಕು ತುತ್ತು. ರವಿಕೆಗಳೆಲ್ಲ ದೊಗಳೆಯಾಗಿದ್ದವು. ನನ್ನ ಅಡುಗೆ ಹಿಡಿಸುತ್ತಿಲ್ಲವೆಂದುಕೊಂಡು ನಾನು ಮುಖ ಊದಿಸಿಕೊಂಡಿದ್ದೆ. ಕೊನೆಗೊಂದು ದಿನ ಕೇಳಿಯೇಬಿಟ್ಟೆ.

“ಬಾಯಲ್ಲಿ ಜೊಲ್ಲೇ ಊರಲ್ಲ ಕಣೆ. ತುತ್ತು ಗಂಟಲಲ್ಲೇ ನಿಂತ್ಕೊಳತ್ತೆ,” ಅಂದಳು.

ನಾನೋ, ಏನಾದರೂ ಓದಿದರೆ ಸಾಕು, ಅರ್ಧ ಡಾಕ್ಟರಾಗಿಬಿಡುವವಳು. ವಯಸ್ಸಾದಂತೆ ಜೊಲ್ಲಿನ ಗ್ರಂಥಿಗಳು ಸೊರಗುತ್ತವೆ, ನೆಲ್ಲಿಕಾಯಿ, ಗ್ರೀನ್ ಟೀ, ಅರಿಶಿನದ ಆಂಟಿಆಕ್ಸಿಡೆಂಟುಗಳು ಅವನ್ನು ಕಾಪಾಡಬಹುದು ಎಂದು ಎಲ್ಲೋ ಓದಿದೆ. ಇಂಡಿಯನ್ ಅಂಗಡಿಯಿಂದ ಫ್ರೋಜನ್ ನೆಲ್ಲಿಕಾಯಿ ತಂದು ದಿನಾ ಅರೆದು ಕೊಟ್ಟೆ. ಅಮ್ಮ ಮುಖ ಕಿವುಚಿಕೊಂಡೇ ಕುಡಿದಳು. ಬಾಯಿ ಮಾತ್ರ ಹಾಗೇ ಒಣಗಿತ್ತು.

ಸ್ಕೋಕಿ ಊರಿನ ಹಲ್ಲಿನ ಡಾಕ್ಟರ ಹತ್ತಿರ ಹೊರಟೆವು. ದಾರಿಯಲ್ಲಿ ನೀರು ಕುಡಿಯಲು ಬಾಟಲಿ ಕೊಟ್ಟೆ. ಕಚ್ಚಿ ಕುಡಿದರೆ ಎಂಜಲಾಗುತ್ತದೆಂದು ಅರವತ್ತೈದು ಮೈಲಿ ವೇಗದ ಕಾರಿನಲ್ಲೂ ಅಮ್ಮ ಎತ್ತಿಯೇ ಕುಡಿದಳು. ಅರ್ಧ ನೀರು ಸೀರೆಯ ಪಾಲಾಯಿತು.

ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಡಾಕ್ಟರು ಕೇಳಿದರು. ಬಿಪಿಯದೊಂದೇ ಎಂದೆ. ಅಮ್ಮ ಪರ್ಸಿನಿಂದ ಇನ್ನೊಂದು ಡಬ್ಬಿ ತೆಗೆದಿಟ್ಟಳು. ಬಂದ ಹೊಸದರಲ್ಲಿ ಹೂವಿನ ಧೂಳಿಗೆ ಸೀನುತ್ತಿದ್ದಾಗ ನಾನೇ ಕೊಟ್ಟ, ವರ್ಷಕ್ಕಾಗುವಷ್ಟಿದ್ದ ಅಲರ್ಜಿ ಮಾತ್ರೆ. ದಿನಕ್ಕೊಂದು ತಗೋ ಅಂದವಳು ಆಮೇಲೆ ಮರೆತೇಬಿಟ್ಟಿದ್ದೆ. ಬಾಯಿ ಒಣಗಲು ಇದೇ ಕಾರಣವಿರಬಹುದು, ನಿಮ್ಮ ಡಾಕ್ಟರನ್ನು ಕೇಳಿ ನಿಲ್ಲಿಸಿ ಎಂದರು.

“ಸೀನು ಯಾವತ್ತೋ ನಿಂತಿತ್ತಲ್ಲಮ್ಮ, ಮತ್ತೆ ಯಾಕೆ ತಗೋತಿದ್ದೆ?” ಕಾರಿನಲ್ಲಿ ಕೇಳಿದೆ.

“ನೀನು ನಿಲ್ಸು ಅನ್ಲಿಲ್ವಲ್ಲೇ.”

ಚಿಕ್ಕಂದಿನಲ್ಲಿ ಅವಳು ಕೊಟ್ಟ ಕಷಾಯವನ್ನು ನಾನು ಒಂದು ದಿನವೂ ತಕರಾರಿಲ್ಲದೆ ಕುಡಿದವಳಲ್ಲ.

ನಮ್ಮ ಡಾಕ್ಟರೂ ಒಪ್ಪಿ ಮಾತ್ರೆ ನಿಂತಿತು. ಎರಡು ವಾರ ನಾನು ಅವಳ ತಟ್ಟೆಯನ್ನೇ ನೋಡುತ್ತಿದ್ದೆ. ಒಂದು ಭಾನುವಾರ ಅಕ್ಕಿರೊಟ್ಟಿ ಮುರಿದು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿದಳು.

“ಉಪ್ಪು ಜಾಸ್ತಿ ಆಯ್ತು ಕಣೆ,” ಅಂದಳು.

ಸಂತೋಷಕ್ಕೆ ಅಳುವೇ ಬಂತು. ಅಮ್ಮ ಇನ್ನೊಂದು ತುಂಡು ಮುರಿದಳು.