ಯಾರ್ ಹೇಳಿದ್ದು ಮೇಷ್ಟ್ರು

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವವರನ್ನು ನಾನು ಬಗೆಬಗೆಯಾಗಿ ಕಂಡಿದ್ದೇನೆ. ಬೆಣ್ಣೆ ಕರಗುವವರೆಗೆ ಕಾಯುವವರಿದ್ದಾರೆ, ಇಡ್ಲಿ ಕಾಣದ ಹಾಗೆ ಚಟ್ನಿ ಸುರಿದುಕೊಳ್ಳುವವರಿದ್ದಾರೆ. ಆದರೆ ಇಡ್ಲಿಯನ್ನು ಮಗುಚಿ ಹಾಕಿ, ಕನ್ನಡಕವನ್ನು ಹಣೆಗೇರಿಸಿ, ಅದರ ಅಡಿಯನ್ನು ಒಂದು ನಿಮಿಷ ನೋಡಿ, ಆಮೇಲೆ ತುತ್ತು ಮುರಿಯುತ್ತಿದ್ದವರು ನಮ್ಮ ಸಣ್ಣಲಿಂಗಯ್ಯ ಮೇಷ್ಟ್ರು ಒಬ್ಬರೇ.

‘ಸಾರ್, ಇಡ್ಲಿ ಅಡೀಲಿ ಏನಿರುತ್ತೆ?’ ಎಂದು ಒಮ್ಮೆ ಕೇಳಿದೆ.

‘ಏನೂ ಇರಲ್ಲ ಅಂತ ನಿಂಗೆ ಯಾರು ಹೇಳಿದ್ದು?’

ಇದು ಅವರ ಮಾತು. ತುಮಕೂರಿನ ಕಾಲೇಜೊಂದರಲ್ಲಿ ಅವರು ಜೀವಶಾಸ್ತ್ರ ಹೇಳುತ್ತಿದ್ದರು, ನಾನು ಅಲ್ಲಿನ ಲೈಬ್ರರಿ ನೋಡಿಕೊಳ್ಳುತ್ತಿದ್ದೆ. ನಾಳೆ ರಜಾ ಎಂದು ಯಾರಾದರೂ ಅಂದರೆ, ‘ಯಾರು ಹೇಳಿದ್ದು?’ ಪ್ರಿನ್ಸಿಪಾಲರು ಅಂದರೆ, ‘ಅವರಿಗೆ ಯಾರು ಹೇಳಿದ್ದು?’ ಹುಡುಗರು ಅವರಿಗೆ ‘ಯಾರ್ ಹೇಳಿದ್ದು ಮೇಷ್ಟ್ರು’ ಎಂದೇ ಹೆಸರಿಟ್ಟಿದ್ದರು. ಆ ಹೆಸರಿಟ್ಟದ್ದು ಯಾರು ಎಂದು ಪತ್ತೆ ಹಚ್ಚಲು ಅವರು ಒಂದು ಇಡೀ ವರ್ಷ ಕಳೆದರು ಎನ್ನುವುದೂ ನಿಜ. ಸಂತೆಯಲ್ಲಿ ತೆಂಗಿನಕಾಯಿ ಅಲ್ಲಾಡಿಸಿ ನೀರಿನ ಸದ್ದು ಕೇಳುವುದು ಎಲ್ಲರೂ ಮಾಡುವುದೇ. ಇವರು ಕಾಯಿಯನ್ನು ಎಡಗಿವಿಯಲ್ಲಿ ಕೇಳಿ, ಆಮೇಲೆ ಬಲಗಿವಿಯಲ್ಲೂ ಕೇಳುತ್ತಿದ್ದರು. ತಮ್ಮ ಎಡಗಿವಿಯ ಮೇಲೂ ಅವರಿಗೆ ನಂಬಿಕೆಯಿರಲಿಲ್ಲ.

ಅವರ ಮೂಲ ಊರು ಕುಣಿಗಲ್ ಹತ್ತಿರದ ಒಂದು ಹಳ್ಳಿ. ಅಲ್ಲಿ ದಾಯಾದಿ ಅಣ್ಣ ರುದ್ರಣ್ಣ ಇದ್ದ. ಒಡಹುಟ್ಟಿದವನಲ್ಲ, ಒಂದೇ ವಂಶದ ಹಿರಿಯ ಕವಲಿನವನು. ಮೇಷ್ಟ್ರಿಗಿಂತ ಆರು ವರ್ಷ ದೊಡ್ಡವನು. ಅವನಿಗೆ ಮಕ್ಕಳಿರಲಿಲ್ಲ. ಹೆಂಡತಿ ತೀರಿಕೊಂಡ ವರ್ಷವೇ ಅವನು ಮೇಷ್ಟ್ರ ಕೈ ಹಿಡಿದು, ‘ನಂಗೆ ಮುಂದೆ ನಿಂತು ಮಣ್ಣು ಹಾಕೋನು ನೀನೇ ಕಣ್ಲಾ. ಅಣ್ಣತಮ್ಮಂದಿರಲ್ಲಿ ಹತ್ತಿರದೋನು ನೀನು. ಬೇರೆ ಯಾರ ಕೈಲೂ ಮುಟ್ಟಿಸ್ಬ್ಯಾಡ’ ಎಂದಿದ್ದ. ಮೇಷ್ಟ್ರು ಒಪ್ಪಿದ್ದರು. ಯಾರು ಹೇಳಿದ್ದು ಎಂದು ಕೇಳದೆ ಅವರು ಒಪ್ಪಿದ ಮಾತು ನನಗೆ ತಿಳಿದಂತೆ ಅದೊಂದೇ.

ಇಷ್ಟು ಸಂಶಯದ ಮನುಷ್ಯನ ಮನೆಗೆ ಕೆಲವು ವರ್ಷಕ್ಕೊಮ್ಮೆ ಹೆಳವರ ಸಿದ್ದಪ್ಪ ಬರುತ್ತಿದ್ದ. ಮನೆಮನೆಯ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅಂಗಳದಲ್ಲಿ ನಿಂತು ತಾತ ಮುತ್ತಾತಂದಿರ ಹೆಸರನ್ನು ರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರು ಸೇರಿಸಿಕೊಂಡು, ಕಾಳುಕಡ್ಡಿ ಪಡೆದು ಹೋಗುವವರು ಹೆಳವರು. ಸಿದ್ದಪ್ಪನ ಅಪ್ಪ ಎತ್ತಿನ ಮೇಲೆ ಗಂಟೆ ಕಟ್ಟಿಕೊಂಡು ಬರುತ್ತಿದ್ದನಂತೆ. ಇವನು ಮೊಪೆಡ್ಡಿನಲ್ಲಿ ಬರುತ್ತಿದ್ದ. ಗಂಟೆ ಮಾತ್ರ ಅದೇ, ಹ್ಯಾಂಡಲಿಗೆ ಕಟ್ಟಿದ್ದ.

ಒಂದು ಸಲ ಮೇಷ್ಟ್ರು ಅವನಿಗೆ ಬಲೆ ಬೀಸಿದರು. ನಾನು ಅಲ್ಲೇ ಕಾಫಿ ಕುಡಿಯುತ್ತ ಕೂತಿದ್ದೆ.

‘ಸಿದ್ದಪ್ಪ, ನಮ್ಮ ತಾತನ ಅಪ್ಪನ ಅಣ್ಣ ಕೆಂಚಪ್ಪ ಅಂತ ಒಬ್ಬನಿದ್ದ. ಅವನ ಹೆಸರು ಬಿಟ್ಟೆ ನೀನು.’

ಸಿದ್ದಪ್ಪ ಪುಸ್ತಕ ನೋಡಲೂ ಇಲ್ಲ. ‘ಹಂಗೊಬ್ರು ಈ ಮನೇಲಿ ಹುಟ್ಟೇ ಇಲ್ಲ ಸ್ವಾಮಿ. ಹುಟ್ಟಿಸ್ಬೇಕು ಅಂದ್ರೆ ತಾವೇ ಏನಾದ್ರೂ ಮಾಡ್ಬೇಕು.’

ಒಳಗಿನಿಂದ ಮೇಷ್ಟ್ರ ಹೆಂಡತಿ ನಕ್ಕದ್ದು ಕೇಳಿಸಿತು. ಮೇಷ್ಟ್ರು ನಗಲಿಲ್ಲ. ಅವನು ಹೋದ ಮೇಲೆ ನನ್ನ ಕಡೆ ಬಾಗಿ, ‘ಸುಳ್ಳು ಹಿಡಿದ ಅಂದ್ರೆ ನಿಜ ಹೇಳ್ತಾನೆ ಅಂತ ಆಯ್ತೇನಯ್ಯಾ? ಇಲ್ಲ. ಹುಷಾರಾಗಿದಾನೆ ಅಂತ ಆಯ್ತು, ಅಷ್ಟೇ’ ಎಂದರು.

ಅವರ ತಲೆಗೆ ಬರ್ಬರ್ ಜನರು ಹೊಕ್ಕದ್ದು ನಿವೃತ್ತಿಯಾದ ಮೇಲೆ, ನನ್ನ ಲೈಬ್ರರಿಯ ಬೆಂಚಿನ ಮೇಲೆಯೇ. ಆಫ್ರಿಕಾದ ಉತ್ತರಕ್ಕೆ, ಮರಳುಗಾಡಿನ ಅಂಚಿನ ಗುಡ್ಡಗಳಲ್ಲಿ ಇರುವ ಜನ. ಅಮಾಜಿಗ್ ಎಂದು ತಮ್ಮನ್ನು ಕರೆದುಕೊಳ್ಳುತ್ತಾರೆ. ಅವರಲ್ಲಿ ಎಷ್ಟೋ ಗಂಡಸರ ರಕ್ತದಲ್ಲಿ, ಅಪ್ಪನಿಂದ ಮಗನಿಗೆ ಮಾತ್ರ ಇಳಿಯುವ ಒಂದೇ ಗುರುತು ಸಿಗುತ್ತದೆಯಂತೆ.

‘ನೋಡಯ್ಯಾ,’ ಎಂದು ಅವರು ಮೇಜಿನ ಮೇಲೆ ನನ್ನ ಪೆನ್ನುಗಳನ್ನು ಸಾಲಾಗಿ ಜೋಡಿಸಿದರು. ‘ಅಪ್ಪ, ಮಗ, ಮೊಮ್ಮಗ. ಹೆಣ್ಣುಮಕ್ಕಳಿಗೆ ಇದು ಹೋಗಲ್ಲ. ವೈ ಕ್ರೋಮೋಸೋಮು. ಇಡೀ ಸಾಲನ್ನ ಹಿಂದಕ್ಕೆ ಎಳ್ಕೊಂಡು ಹೋದ್ರೆ ಕೊನೆಗೆ ಒಬ್ಬ ಗಂಡಸು ಸಿಕ್ತಾನೆ. ಈ ಗುರುತು ಬಹಳ ಹಳೇದು, ಆ ಜನದಷ್ಟೇ ಹಳೇದು ಅಂತ ಮೊದಲು ತಿಳ್ಕೊಂಡಿದ್ರು. ಆಮೇಲೆ ನೋಡಿದ್ರೆ ಆ ಗಂಡಸು ಎರಡು ಮೂರು ಸಾವಿರ ವರ್ಷದ ಈಚೆಯೋನು ಅಂತಾರೆ. ಜನ ಹಳಬರು, ಗುರುತು ಹೊಸದು! ಅಷ್ಟು ಬೇಗ ಹೆಂಗೆ ಹಬ್ಬಿತು? ಯಾರವನು? ಏನೋ ಇದೆ ಇದರಲ್ಲಿ.’

‘ರಾಜ ಇದ್ನೇನೋ ಸಾರ್. ಹತ್ತಾರು ಹೆಂಡ್ತೀರು...’

‘ರಾಜ ಅಂತ ಯಾರು ಹೇಳಿದ್ದು?’

ಹೀಗೆ ಆ ಅನಾಮಿಕ ಗಂಡಸು ನಮ್ಮ ಲೈಬ್ರರಿಯಲ್ಲಿ ಎರಡು ವರ್ಷ ಕೂತ. ದಂಡೆತ್ತಿ ಬಂದವನೋ, ವ್ಯಾಪಾರಕ್ಕೆ ಬಂದವನೋ, ಅಲ್ಲಿಯೇ ಹುಟ್ಟಿದವನೋ? ವಿದ್ವಾಂಸರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು, ಮೇಷ್ಟ್ರು ಒಬ್ಬೊಬ್ಬರನ್ನೂ ಅನುಮಾನಿಸುತ್ತಿದ್ದರು. ಆ ಅನುಮಾನ ಆಫ್ರಿಕಾದಲ್ಲಿ ಇರುವವರೆಗೆ ಯಾರಿಗೂ ತೊಂದರೆಯಿರಲಿಲ್ಲ. ಅದು ಕುಣಿಗಲ್ ರಸ್ತೆ ಹಿಡಿಯಿತು.

ಹೆಳವನ ಪುಸ್ತಕ ನಿಜವೋ ಸುಳ್ಳೋ ನೋಡೇಬಿಡೋಣ ಎಂದು ಅವರು ಉಗುಳಿನ ಪರೀಕ್ಷೆಯ ಡಬ್ಬಿಗಳನ್ನು ಕೊರಿಯರ್‌ನಲ್ಲಿ ತರಿಸಿದರು. ಒಂದು ತಮಗೆ, ಒಂದು ರುದ್ರಣ್ಣನಿಗೆ. ನನ್ನ ಸ್ಕೂಟರಿನಲ್ಲಿ ಹೋದೆವು. ರುದ್ರಣ್ಣ ತೋಟದ ಬದುವಿನ ಮೇಲೆ ಕೂತು ಎಳನೀರು ಕೆತ್ತುತ್ತಿದ್ದ.

‘ಇದಕ್ಕೆ ಉಗುಳಣ್ಣ.’

‘ಯಾಕ್ಲಾ?’

‘ನಾವಿಬ್ರೂ ಒಂದೇ ವಂಶ ಹೌದೋ ಅಲ್ವೋ ಗೊತ್ತಾಗುತ್ತೆ.’

‘ಥೂ ನಿನ್ನ! ನಿನ್ ಮಖಕ್ಕೆ ಉಗೀಬೇಕು ಅಂತ ಚಿಕ್ಕಂದಿನಿಂದ ಕಾಯ್ತಾ ಇವ್ನಿ. ಡಬ್ಬಿಗೆ ಉಗಿ ಅಂತೀಯಲ್ಲೋ’ ಎಂದು ನಗುತ್ತ ಉಗುಳಿದ. ಆಮೇಲೆ ನನ್ನ ಕಡೆ ತಿರುಗಿ, ‘ಒಂದೇ ಅಂತ ಬಂದ್ರೆ ಸರಿ. ಬ್ಯಾರೆ ಅಂತ ಬಂದ್ರೆ ಏನ್ ಮಾಡ್ತಾನಂತೆ?’ ಎಂದ. ಅವನ ನಗು ಅಷ್ಟರಲ್ಲಿ ಸ್ವಲ್ಪ ಕಡಿಮೆಯಾಗಿತ್ತು. ಅದು ನನಗೆ ಆಗ ಹೊಳೆಯಲಿಲ್ಲ.

ಬೇರೆ ಅಂತಲೇ ಬಂತು. ಹತ್ತಿರದ ಹೋಲಿಕೆಯೂ ಇಲ್ಲ; ಇಬ್ಬರ ಅಪ್ಪಂದಿರ ಸಾಲು ಎಲ್ಲೋ ಬಹು ಹಿಂದೆ, ಆ ಬರ್ಬರ್ ಗಂಡಸಿಗಿಂತಲೂ ಹಿಂದೆ, ಅಗಲಿದ್ದಂತೆ ಕಾಣುತ್ತಿತ್ತು. ಮೇಷ್ಟ್ರು ಆ ಕಾಗದವನ್ನು ಮಗುಚಿ ಹಿಂಬದಿಯನ್ನೂ ನೋಡಿದರು.

ಅವತ್ತಿನಿಂದ ಅವರು ಮನುಷ್ಯರ ಹಾಗಿರಲಿಲ್ಲ. ರುದ್ರಣ್ಣನ ಅಜ್ಜಿಯನ್ನು ಅನುಮಾನಿಸಿದರು. ಅವನ ಮುತ್ತಜ್ಜಿಯನ್ನು ಅನುಮಾನಿಸಿದರು. ರುದ್ರಣ್ಣನ ಕಿವಿಯ ಆಕಾರ ತಮ್ಮ ಮನೆಯವರದಲ್ಲ ಎಂದು ಹಳೆಯ ಫೋಟೊಗಳನ್ನು ಭೂತಗನ್ನಡಿಯಲ್ಲಿ ನೋಡಿದರು. ನಾನು ಹೇಳಬಾರದು, ಆದರೆ ನನಗೂ ಆ ಗಾಳಿ ಸೋಕಿತ್ತು. ಮನೆಗೆ ಹೋಗಿ ಕನ್ನಡಿಯಲ್ಲಿ ನನ್ನ ಕಿವಿಯನ್ನೂ ನಮ್ಮಪ್ಪನ ಫೋಟೊದ ಕಿವಿಯನ್ನೂ ಹೋಲಿಸಿದೆ.

ರುದ್ರಣ್ಣನ ಫೋನು ಬಂದರೆ ಮೇಷ್ಟ್ರು ಎತ್ತುತ್ತಿರಲಿಲ್ಲ. ‘ಅವನು ನಮ್ಮೋನು ಅಲ್ಲ ಅಂದ್ಮೇಲೆ ನಾನು ಮುಂದೆ ನಿಂತು ಮಣ್ಣು ಹಾಕೋದು ಸುಳ್ಳಾಗಲ್ವೇನಯ್ಯಾ?’ ಎಂದು ಕೇಳಿದರು. ಅಷ್ಟು ಹೊತ್ತಿಗೆ ರುದ್ರಣ್ಣ ಹಾಸಿಗೆ ಹಿಡಿದಿದ್ದ. ತಮ್ಮ ಬರುತ್ತಾನಾ ಎಂದು ಬಂದವರನ್ನೆಲ್ಲ ಕೇಳುತ್ತಿದ್ದಾನೆ ಎಂಬ ಸುದ್ದಿ ನನಗೆ ಎರಡು ಸಲ ಬಂತು. ಹೇಳಿದೆ. ‘ಯಾರು ಹೇಳಿದ್ದು?’ ಎಂದರು.

ನನಗೆ ರೇಗಿಹೋಯಿತು. ‘ಹೆಳವನನ್ನೇ ಕೇಳಿ ಸಾರ್! ಪುಸ್ತಕ ಅವನ ಹತ್ರ ಇದೆ.’

ಸಿದ್ದಪ್ಪ ಆಗ ಹಾಗಲವಾಡಿ ಕಡೆ ಬೀಡು ಬಿಟ್ಟಿದ್ದ. ಗುಬ್ಬಿ ದಾಟಿ ಹೋದೆವು. ಶಾಲೆಯ ಪಕ್ಕದ ಹುಣಸೆಮರದ ಕೆಳಗೆ ಕೂತಿದ್ದವನ ಮುಂದೆ ಮೇಷ್ಟ್ರು ಕಾಗದ ಚಾಚಿ, ‘ನಿನ್ನ ಪುಸ್ತಕ ಸುಳ್ಳು ಅಂತ ಬಂದಿದೆ. ರುದ್ರಣ್ಣನ ಸಾಲಿನಲ್ಲಿ ಯಾರೋ ಹೊರಗಿನೋರು ಸೇರಿದಾರೆ. ಯಾರು, ಹೇಳು’ ಎಂದರು.

ಸಿದ್ದಪ್ಪ ಕಾಗದ ಮುಟ್ಟಲಿಲ್ಲ.

‘ರುದ್ರಣ್ಣೋರ ಸಾಲು ಸರಿಯಾಗೈತೆ ಸ್ವಾಮಿ. ಹೊರಗಿಂದ ಬಂದಿದ್ದು ತಮ್ದು.’

ಪುಸ್ತಕ ಬಿಚ್ಚಿದ. ಮೇಷ್ಟ್ರ ತಾತನ ತಾಯಿಗೆ ಅಣ್ಣತಮ್ಮಂದಿರಿರಲಿಲ್ಲ. ಅವಳಪ್ಪ, ಮನೆ ಹೆಸರು ನಿಲ್ಲಲಿ ಎಂದು, ಊರ್ಡಿಗೆರೆಯಿಂದ ಮುದ್ದಯ್ಯ ಎಂಬುವನನ್ನು ಮನೆಅಳಿಯನಾಗಿ ತಂದ. ಅವನ ಮಕ್ಕಳು ತಾಯಿಯ ತವರಿನ ವಂಶಕ್ಕೇ ಸೇರಿದರು.

ಮೇಷ್ಟ್ರು ಭೂತಗನ್ನಡಿ ತೆಗೆದು ಆ ಸಾಲಿನ ಶಾಯಿ ನೋಡಿದರು. ಹಿಂದಿನ ಸಾಲಿನ ಶಾಯಿ ನೋಡಿದರು.

‘ಇಷ್ಟು ವರ್ಷ ಅಂಗಳದಲ್ಲಿ ನಿಂತು ಹಾಡಿದೆ. ಒಂದಿನಾನೂ ಯಾಕೆ ಹೇಳಲಿಲ್ಲ?’

‘ಮನೆ ತುಂಬಿದ ಅಳಿಯನ ಹುಟ್ಟೂರನ್ನ ಅಂಗಳದಲ್ಲಿ ಹಾಡಬಾರದು ಸ್ವಾಮಿ, ನಮ್ಮ ಕಟ್ಟಳೆ. ಕೇಳಿದ್ರೆ ಮಾತ್ರ ಪುಸ್ತಕ ಬಿಚ್ಚಬೇಕು. ತಾವು ನಾನು ಕಳ್ಳನೋ ಅಲ್ವೋ ಅಂತ ಕೇಳಿದ್ರಿ. ಇದನ್ನ ಕೇಳಿರ್ಲಿಲ್ಲ.’

ವಾಪಸು ಹೊರಟೆವು. ಗುಬ್ಬಿ ದಾಟಿದ ಮೇಲೆ ನನ್ನ ಬೆನ್ನ ಹಿಂದಿನಿಂದ ಮಾತು ಬಂತು. ‘ಆ ಬರ್ಬರ್ ಗುಡ್ಡಕ್ಕೂ ಇಂಥ ಅಳಿಯನೇ ಬಂದಿರಬಹುದು ಕಣಯ್ಯಾ. ದಂಡು ಗಿಂಡು ಏನೂ ಇಲ್ಲ. ಮನೆ ಅವರದು, ಮಾತು ಅವರದು, ಹೆಸರೂ ಅವರದೇ. ಗುರುತು ಮಾತ್ರ ಇವನದು.’

‘ಯಾರು ಹೇಳಿದ್ದು ಸಾರ್?’ ಎಂದೆ.

ಅವರು ನಕ್ಕರು. ಸ್ಕೂಟರ್ ಅಲ್ಲಾಡಿತು. ‘ತುಮಕೂರಿಗೆ ಬೇಡ. ಹಾಗೇ ಕುಣಿಗಲ್ ಕಡೆ ತಿರುಗಿಸು’ ಎಂದರು.

ರುದ್ರಣ್ಣ ಜಗುಲಿಯ ಮೇಲೆ ಹಾಸಿಗೆ ಹಾಸಿಸಿಕೊಂಡು ಮಲಗಿದ್ದ, ಸಣಕಲಾಗಿದ್ದ. ಮೇಷ್ಟ್ರು ಕಾಲ ಬಳಿ ಕೂತರು.

‘ನಿಂಗೆ ಗೊತ್ತಿತ್ತಾ?’

‘ಏನು, ಊರ್ಡಿಗೆರೆ ವಿಷ್ಯಾನಾ? ಗೊತ್ತಿತ್ತು.’

‘ಯಾರು ಹೇಳಿದ್ದು?’

‘ನಮ್ಮಪ್ಪ.’

‘ಅವನಿಗೆ ಯಾರು...’

‘ಏಯ್, ಬುಡ್ಲಾ ಸಾಕು!’ ಎಂದು ರುದ್ರಣ್ಣ ಕೆಮ್ಮುತ್ತ ಎದ್ದು ಕೂತ. ‘ಹೆಣ್ಣಿನ ಕಡೆಯಿಂದ ಸಂಬಂಧ ಲೆಕ್ಕ ಹಾಕಿದ್ರೆ ನೀನು ನಂಗೆ ಭಾಮೈದ ಆಯ್ತೀಯ. ಇಷ್ಟು ವರ್ಷ ಅಣ್ಣ ಅಂತ ನನ್ ಕೈಲಿ ಬೈಸ್ಕೊಂಡು, ಈ ವಯಸ್ನಲ್ಲಿ ಭಾವ ಅಂತ ಕರೀತೀಯೇನ್ಲಾ? ನಂಗೆ ಬ್ಯಾರೆಯೋರು ಮಣ್ಣು ಹಾಕ್ಬೇಕಾ? ಅದೊಂದು ಹೇಳು.’

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತ ಕೂತರು, ಒರೆಸುತ್ತಲೇ ಇದ್ದರು. ಆಮೇಲೆ, ‘ಅಣ್ಣ, ಊಟ ಮಾಡಿದ್ಯಾ?’ ಎಂದು ಕೇಳಿದರು.

ಎರಡು ತಿಂಗಳಿಗೆ ರುದ್ರಣ್ಣ ತೀರಿಕೊಂಡ. ಮುಂದೆ ನಿಂತು ಮೊದಲ ಹಿಡಿ ಮಣ್ಣು ಹಾಕಿದವರು ಮೇಷ್ಟ್ರೇ. ತಲೆ ಬೋಳಿಸಿ, ಜೀವಮಾನವೆಲ್ಲ ಸಾಕಿದ ಮೀಸೆಯನ್ನೂ ತೆಗೆಸಿದರು. ಸೂತಕ ಕಳೆದ ಮೇಲೆ ಕ್ಯಾತ್ಸಂದ್ರದಲ್ಲಿ ಸಿಕ್ಕಾಗ ಗುರುತೇ ಹತ್ತಲಿಲ್ಲ. ಇಡ್ಲಿ ಬಂದ ತಕ್ಷಣ ಮಗುಚಿ ನೋಡಿದರು. ಆಗ ಗುರುತು ಹತ್ತಿತು.

ಅದೇ ನಮ್ಮ ಕೊನೆಯ ಭೇಟಿ. ಮುಂದಿನ ಮಳೆಗಾಲದಲ್ಲಿ ಅವರೂ ಹೋದರು. ಪುಸ್ತಕಗಳನ್ನು ಲೈಬ್ರರಿಗೆ ಕೊಡುತ್ತೇವೆ ಎಂದು ಅವರ ಹೆಂಡತಿ ಕರೆದಾಗ ಹೋದೆ. ಕಪಾಟಿನಲ್ಲಿ, ಬರ್ಬರರ ಕಾಗದಗಳ ಹಿಂದೆ, ಉಗುಳಿನ ಇನ್ನೊಂದು ಡಬ್ಬಿ ಇತ್ತು. ಮೇಲೆ ಅವರದೇ ಅಕ್ಷರದಲ್ಲಿ ‘ಊರ್ಡಿಗೆರೆ’ ಎಂದು ಬರೆದಿತ್ತು. ಸೀಲು ಒಡೆದಿರಲಿಲ್ಲ. ಮುದ್ದಯ್ಯನ ಕಡೆಯವರೊಬ್ಬರಿಂದ ಅದಕ್ಕೆ ಉಗುಳಿಸಿದ್ದರೆ ಸಾಕು, ಸಿದ್ದಪ್ಪ ಹೇಳಿದ್ದು ನಿಜವೋ ಅಲ್ಲವೋ ತಿಳಿಯುತ್ತಿತ್ತು. ಅದನ್ನು ಅವರು ಹಾಗೇ ಬಿಟ್ಟಿದ್ದರು. ಇಂಥ ಮನುಷ್ಯ ಯಾಕೆ ಬಿಟ್ಟರು ಎಂದು ನನಗೆ ಈಗಲೂ ಅನುಮಾನ.

ನಾನು ಪುಸ್ತಕ ಕಟ್ಟುತ್ತಿರುವಾಗಲೇ ಹೊರಗೆ ಗಂಟೆ ಕೇಳಿತು. ಸಿದ್ದಪ್ಪ ಮೊಪೆಡ್ ನಿಲ್ಲಿಸಿ, ಅಂಗಳದಲ್ಲಿ ನಿಂತು, ಕಣ್ಣು ಮುಚ್ಚಿ ಶುರು ಮಾಡಿದ. ಹೆಸರುಗಳು ಒಂದೊಂದಾಗಿ ಇಳಿದು ಬಂದವು. ಮುದ್ದಯ್ಯನ ಹೆಸರು ಬಂತು, ಹುಟ್ಟೂರು ಬರಲಿಲ್ಲ. ಕೊನೆಗೆ ರಾಗ ಎಳೆದು ಹೇಳಿದ: ‘ಸಣ್ಣಲಿಂಗಯ್ಯ... ರುದ್ರಣ್ಣನಿಗೆ ತಮ್ಮ... ಅಣ್ಣನಿಗೆ ಮುಂದೆ ನಿಂತು ಮಣ್ಣು ಹಾಕಿದ ತಮ್ಮ...’

ಮೇಷ್ಟ್ರ ಹೆಂಡತಿ ಮೊರದಲ್ಲಿ ರಾಗಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಮೇಷ್ಟ್ರ ಖಾಲಿ ಕುರ್ಚಿಯ ಕಡೆ ತಿರುಗಿದೆ, ಅಭ್ಯಾಸ. ಯಾರು ಹೇಳಿದ್ದು ಎಂದು ಯಾರೂ ಕೇಳಲಿಲ್ಲ.