ಎರಡು ಕಡೆ ಕೂತ ಅಜ್ಜಿ

ನನ್ನ ಮಗಳು ವಸುಧಾ ಕಳೆದ ವಾರ ಕಾಲೇಜಿನಿಂದ ಬಂದವಳೇ ಒಂದು ಡ್ರಾಯಿಂಗ್ ಹಾಳೆಯನ್ನು ಊಟದ ಮೇಜಿನ ಮೇಲೆ ಒಗೆದು, "ನಿಮ್ಮಿಂದ ನನ್ನ ಮಾನ ಹೋಯ್ತು" ಅಂದಳು.

"ಏನಾಯ್ತೇ?"

"ಕ್ಲಾಸಿಗೆ ಕ್ಲಾಸೇ ನಕ್ಕಿತು. ನೀನು ಯಾಕಮ್ಮ ಅಪ್ಪನ್ನ ಮದುವೆ ಆದೆ?"

ಹದಿನೆಂಟು ವರ್ಷದಿಂದ ನಾನೂ ಆಗಾಗ ಕೇಳಿಕೊಂಡಿರುವ ಪ್ರಶ್ನೆಯೇ. (ಮುಖ್ಯವಾಗಿ ಇವರು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದಾಗ.) ಆದರೆ ಮಗಳ ಬಾಯಲ್ಲಿ ಕೇಳಿದ್ದು ಇದೇ ಮೊದಲು.

ವಿಷಯ ಇಷ್ಟೆ. ಬಯಾಲಜಿ ಕ್ಲಾಸಿನಲ್ಲಿ ಈಗ ಆನುವಂಶಿಕತೆಯ ಪಾಠ. ಅಜ್ಜನ ಗುಂಗುರು ಕೂದಲು ಮೊಮ್ಮಗನಿಗೆ ಹೇಗೆ ಬಂತು, ಅತ್ತೆಯ ಮೂಗು ಸೊಸೆಗೆ ಯಾಕೆ ಬರಲಿಲ್ಲ, ಅಂಥದ್ದು. ಎಲ್ಲರೂ ತಮ್ಮ ಮನೆತನದ ಚಾರ್ಟ್ ಬರೆದುಕೊಂಡು ಬನ್ನಿ ಎಂದರಂತೆ. ವಸು ನೀಟಾಗಿ ಬರೆದಿದ್ದಳು. ಟೀಚರು ಅದರಲ್ಲಿ ಒಂದು ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, 'ತಪ್ಪಾಗಿ ಎರಡು ಸಲ ಬರೆದಿದ್ದೀಯ' ಎಂದಿದ್ದರು.

ತಪ್ಪೇನೂ ಆಗಿರಲಿಲ್ಲ. ನಾನು ಮದುವೆಯಾಗಿರುವುದು ನನ್ನ ಸೋದರಮಾವನನ್ನು, ಅಂದರೆ ನಮ್ಮಮ್ಮನ ತಮ್ಮನನ್ನು. ಹಾಗಾಗಿ ನನ್ನ ಅತ್ತೆ ಸೀತಮ್ಮ, ನನಗೆ ಮೊದಲಿಂದಲೂ ಅಜ್ಜಿ. ಈಗಲೂ ನಾನು ಕರೆಯುವುದು ಅಜ್ಜಿ ಅಂತಲೇ. ವಸುವಿಗೆ ಅವರು ಅಪ್ಪನ ಕಡೆಯಿಂದ ಅಜ್ಜಿ, ಅಮ್ಮನ ಕಡೆಯಿಂದ ಮುತ್ತಜ್ಜಿ. ಚಾರ್ಟಿನಲ್ಲಿ ಎರಡು ಕಡೆ ಕೂತಿದ್ದರು.

ನಮ್ಮ ಹಾಸನದ ಕಡೆ ಇದರಲ್ಲಿ ಹುಬ್ಬೇರಿಸುವಂಥದ್ದು ಏನಿದೆ? ಆದರೆ ನಾವಿರುವುದು ಅಹಮದಾಬಾದಿನ ಮಣಿನಗರದಲ್ಲಿ. ಇಲ್ಲಿ ಮಾಮಾ ಎಂದರೆ ಅಕ್ಕನ ಮಗಳ ಮದುವೆಗೆ ಸೀರೆ, ಒಡವೆ ಹೊತ್ತು ತರುವವನು. ತಾನೇ ಮದುಮಗನಾಗಿ ಬಂದು ಹಸೆಮಣೆ ಮೇಲೆ ಕೂರುವವನಲ್ಲ. ವಸು ಎದ್ದು ನಿಂತು ಇದನ್ನೆಲ್ಲಾ ವಿವರಿಸಿದಳಂತೆ, ಪಾಪ. ನಗದೆ ಇನ್ನೇನು ಮಾಡುತ್ತಾರೆ?

ಅವಳ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಕಳೆದ ತಿಂಗಳು ಅಜ್ಜಿ ಹಾಸನದಿಂದ ಬಂದಿಳಿದದ್ದೇ ವಸುವನ್ನು ನನ್ನ ತಮ್ಮ ರಘುವಿಗೆ ಗೊತ್ತು ಮಾಡುವುದಕ್ಕೆ. ರಘು ಇಲ್ಲೇ ಗುಜರಾತಿನ ಕೊಯಾಲಿಯ ಹೊಸ ಎಣ್ಣೆ ರಿಫೈನರಿಯಲ್ಲಿ ಎಂಜಿನಿಯರ್. "ಚಿನ್ನದಂಥ ಹುಡುಗ. ಹೊರಗಿನವರಿಗೆ ಯಾಕೆ ಬಿಟ್ಟುಕೊಡಬೇಕು?" ಎನ್ನುವುದು ಅಜ್ಜಿಯ ವಾದ. ವಸುವಿಗೆ ಬಿ.ಎಸ್ಸಿ. ಓದುವ ಹಟ. ನಮ್ಮವರು ಪೇಪರಿನ ಹಿಂದೆ. ನಾನೋ, ಮಗಳನ್ನೂ ಬಿಟ್ಟುಕೊಡಲಾರೆ, ತಮ್ಮನನ್ನೂ ಬಿಟ್ಟುಕೊಡಲಾರೆ. ಅಜ್ಜಿಗೆ ಎದುರಾಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಭಾನುವಾರ ರಘು ಊಟಕ್ಕೆ ಬರುವವನಿದ್ದ. ಅವತ್ತೇ ತಾಂಬೂಲ ಬದಲಾಯಿಸಿಬಿಡೋಣ ಎಂದು ಅಜ್ಜಿ ವೀಳ್ಯದೆಲೆ ಕೂಡ ತರಿಸಿದ್ದರು.

ಭಾನುವಾರ ರಘು ಬಂದ. ಅವನ ಹಿಂದೆಯೇ ಬಯಾಲಜಿ ಟೀಚರ್ ನೀರುಬೆನ್ ಕೂಡ ಬಂದರು. ಗೊತ್ತಿಲ್ಲದೆ ಹುಡುಗಿಯನ್ನು ನೋಯಿಸಿದೆ ಎಂದು ಹೇಳಿ ಹೋಗಲು ಬಂದಿದ್ದರು. ಒಳ್ಳೆಯ ಹೆಂಗಸು. ಕೂರಿಸಿ ಉಪ್ಪಿಟ್ಟು ಕೊಟ್ಟೆ. ಅವರ ಹಿಂದಿಯನ್ನು ವಸು ತನ್ನ ಹರಕುಮುರುಕು ಕನ್ನಡದಲ್ಲಿ ಅಜ್ಜಿಗೆ ಹೇಳುತ್ತಾ ಹೋದಳು.

ಅಜ್ಜಿ ಚಾರ್ಟನ್ನು ಕೈಗೆತ್ತಿಕೊಂಡರು. "ಇದು ನಾನು?"

"ಹೂಂ. ಇಲ್ಲೂ ನೀವೇ, ಅಲ್ಲೂ ನೀವೇ" ಎಂದಳು ವಸು.

"ರಘೂನ ಮದುವೆ ಆದರೆ?"

"ಆಗ ಮೂರು ಕಡೆ."

ಮಗಳು ಹೆದರಿಸಲು ಹೇಳಿದ್ದು. ಅಜ್ಜಿಯ ಮುಖ ಇಷ್ಟಗಲ ಆಯಿತು. "ನೋಡ್ದೇನೋ ರಘು, ಮೂರು ಕಡೆಯಂತೆ" ಎಂದರು. ರಘು ಉಪ್ಪಿಟ್ಟಿನ ಒಳಗೆ ಕರಿಬೇವು ಹುಡುಕುತ್ತಿದ್ದ.

ನೀರುಬೆನ್ ನಗಲಿಲ್ಲ. ಬಟಾಣಿಯ ಕಥೆ ಶುರು ಮಾಡಿದರು. ಎತ್ತರದ ಗಿಡವನ್ನೂ ಗಿಡ್ಡ ಗಿಡವನ್ನೂ ಕೂಡಿಸಿದರೆ ಹುಟ್ಟುವುದೆಲ್ಲಾ ಎತ್ತರದವೇ. ಗಿಡ್ಡತನ ಹೋಯಿತು ಅಂದುಕೊಳ್ಳುತ್ತೀರಿ. ಹೋಗಿರುವುದಿಲ್ಲ, ಒಳಗೆ ಅಡಗಿ ಕೂತಿರುತ್ತದೆ. ಅಂಥ ಎರಡು ಗಿಡಗಳನ್ನು ಕೂಡಿಸಿದರೆ ಮುಂದಿನ ಬೆಳೆಯಲ್ಲಿ ಕೆಲವು ಗಿಡ್ಡ ಗಿಡಗಳು ಮತ್ತೆ ಹಾಜರ್. ಮನುಷ್ಯರಲ್ಲೂ ಹೀಗೆ ಅಡಗಿರುವಂಥವು ಎಷ್ಟೋ ಇರುತ್ತವೆ. ಒಂದೇ ಮನೆಯವರು ಮದುವೆಯಾದರೆ ಎರಡೂ ಕಡೆಯಿಂದ ಅದೇ ಬಂದು ಸೇರುವ ಸಂಭವ ಜಾಸ್ತಿ. ಎಲ್ಲರಿಗೂ ಆಗುತ್ತದೆ ಎಂದಲ್ಲ, ವಸುವೇ ಚೆನ್ನಾಗಿದ್ದಾಳಲ್ಲ ಎಂದರು.

"ಬಟಾಣಿಗೂ ನಮಗೂ ಏನು ಸಂಬಂಧ? ನಮ್ಮನ್ನೇನು ಹುಳಿಗೆ ಹಾಕ್ತಾರಾ?" ಎಂದರು ಅಜ್ಜಿ.

ಆಗ ವಸು ಪೆನ್ಸಿಲ್ ಹಿಡಿದು ಕೇಳಿದಳು. "ಅಜ್ಜಿ, ಗೌರತ್ತೇನ ಎಲ್ಲಿ ಬರೀಲಿ? ನಾನು ಬಿಟ್ಟುಬಿಟ್ಟಿದ್ದೆ."

ಗೌರಿ ಅಜ್ಜಿಯ ಕಿರಿಯ ಮಗಳು. ನಮ್ಮವರ ತಂಗಿ. ಅವಳನ್ನು ಅಜ್ಜಿ ತಮ್ಮ ಸ್ವಂತ ತಮ್ಮನಿಗೇ ಕೊಟ್ಟಿದ್ದರು. ಅವಳ ಇಬ್ಬರು ಮಕ್ಕಳಿಗೂ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಯಾಕೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು: ಗೌರಿ ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಬಾವಿಕಟ್ಟೆಗೆ ಹೋಗಿದ್ದಳು. ಹಾಗೆಂದು ಹೇಳಿದವರು ಅಜ್ಜಿಯೇ. ಹಬ್ಬಕ್ಕೆ ಸೇರಿದಾಗೆಲ್ಲ ಒಂದು ಸಲವಾದರೂ ಆ ಬಾವಿಕಟ್ಟೆ ಬಂದೇ ಬರುತ್ತಿತ್ತು. ಗೌರಿ ತಲೆ ತಗ್ಗಿಸಿಕೊಂಡು ಪಾತ್ರೆ ತೊಳೆಯಲು ಹೋಗುತ್ತಿದ್ದಳು.

ಅಜ್ಜಿ ತೋರಿಸಿದ ಕಡೆ ವಸು ಗೌರಿಯ ಹೆಸರು ಬರೆದಳು. ಗಂಡನ ಹೆಸರು ಬರೆದಳು. ಸಂಬಂಧದೊಳಗಿನ ಮದುವೆಗೆ ಜೋಡಿ ಗೆರೆ ಎಳೆಯಬೇಕು ಎಂದು ನೀರುಬೆನ್ ಹೇಳಿಕೊಟ್ಟರು. ಕೆಳಗೆ ಎರಡು ಮಕ್ಕಳು.

ಅಜ್ಜಿ ಆ ಜೋಡಿ ಗೆರೆಯನ್ನೇ ನೋಡುತ್ತಾ ಕೂತರು. ಆಮೇಲೆ, "ಕೇಳೇ ಅವರನ್ನ. ಗ್ರಹಣದಿಂದ ಹಾಗೆ ಆಗುತ್ತಾ?" ಎಂದರು.

ವಸು ಕೇಳಿದಳು. "ಕಾರಣ ಇದೇ ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಗ್ರಹಣದಿಂದ ಆಗಲ್ಲ, ಬಾ. ಅದನ್ನ ಮಾತ್ರ ಖಂಡಿತ ಹೇಳ್ತೀನಿ" ಎಂದರು ನೀರುಬೆನ್. (ಗುಜರಾತಿಯಲ್ಲಿ ಬಾ ಎಂದರೆ ಅಮ್ಮ.)

ನನಗೆ ಅಯ್ಯೋ ಅನ್ನಿಸಿತು. ಅಜ್ಜಿಗಾಗಿಯೋ ಗೌರಿಗಾಗಿಯೋ ತಿಳಿಯಲಿಲ್ಲ.

ಟೀಚರ್ ಹೋದ ಮೇಲೆ ಅಜ್ಜಿ ವೀಳ್ಯದೆಲೆಯ ಕಟ್ಟು ಬಿಚ್ಚಿ ಒಂದೊಂದೇ ಎಲೆಗೆ ಸುಣ್ಣ ಹಚ್ಚತೊಡಗಿದರು. ಊಟವಾದ ಮೇಲೆ ಹಾಕಿಕೊಳ್ಳುವುದಕ್ಕೆ. ತಾಂಬೂಲ ಬದಲಾಯಿಸುವ ಮಾತು ಅಲ್ಲಿಗೆ ಮುಗಿಯಿತು ಎಂದು ನಮಗೆಲ್ಲ ಗೊತ್ತಾಯಿತು. ನಮ್ಮವರು ಪೇಪರ್ ಮಡಿಸಿಟ್ಟರು. ರಘು ಇನ್ನೊಂದು ತಟ್ಟೆ ಉಪ್ಪಿಟ್ಟು ಕೇಳಿದ. ಈ ಮದುವೆ ನಿನಗೆ ಬೇಕೇ ಎಂದು ಇಷ್ಟು ದಿನ ಅವನನ್ನು ಯಾರಾದರೂ ಕೇಳಿದ್ದೆವೇ?

"ನಿನಗೆ ಹೊರಗಡೆ ಹೆಣ್ಣು ನೋಡಬೇಕಲ್ಲೋ" ಎಂದರು ಅಜ್ಜಿ. "ನಮ್ಮ ಮನೇಲಿ ಬೀಗರು ಅಂತ ಯಾರನ್ನೂ ಉಪಚಾರ ಮಾಡಿ ಗೊತ್ತೇ ಇಲ್ಲ. ಅವರ ಹತ್ತಿರ ಏನು ಮಾತಾಡ್ತಾರೋ ಏನೋ."

"ವಸು ಓದಲಿ ತಾನೇ, ಅಜ್ಜಿ?" ಎಂದೆ ನಾನು, ಧೈರ್ಯ ಮಾಡಿ.

"ಓದಲಿ. ಮೊದಲು ನನಗೆ ಹಾಸನಕ್ಕೆ ಟಿಕೆಟ್ ತೆಗೆಸು. ಆ ಚಾರ್ಟೂ ಸುತ್ತಿಕೊಡು. ಗೌರಿಗೆ ತೋರಿಸಬೇಕು."

ನಿಮ್ಮ ಮನೆಯಲ್ಲಿ ಗ್ರಹಣದ ತಪ್ಪು ಹೊತ್ತುಕೊಂಡು ಪಾತ್ರೆ ತೊಳೆಯುತ್ತಿರುವವಳು ಯಾರು?