ಕೇಳಬೇಕಾದ್ದನ್ನು ಕೇಳದ ಮಾಸ್ತರು

ಮಾಸ್ತರರ ಬಲಗಾಲ ಹೆಬ್ಬೆರಳಿನ ಉಗುರು ಯಾವಾಗಲೂ ಕಪ್ಪಗೆ ರಕ್ತ ಹೆಪ್ಪುಗಟ್ಟಿಯೇ ಇರುತ್ತಿತ್ತು. ಮೇಲೆ ಮೋಡ ನೋಡುತ್ತ ನಡೆಯುವುದು, ಕೆಳಗೆ ಕಲ್ಲಿಗೆ ಎಡವುವುದು ಅವರ ದಿನದ ಕೆಲಸ. ಕರಿ ಶೇರ್ವಾನಿ ಬಿಸಿಲಿಗೆ ಬಣ್ಣ ಹೋಗಿ ಹೆಗಲ ಮೇಲೆ ಕೆಂಪಾಗಿತ್ತು. ಎಡವಿದರೂ ಬೆರಳು ನೋಡಿಕೊಳ್ಳುತ್ತಿರಲಿಲ್ಲ, ಮತ್ತೆ ಆಕಾಶವನ್ನೇ ನೋಡುತ್ತಿದ್ದರು. ಅದನ್ನು ಕಂಡರೆ ನನಗೆ ಆಗಲೂ ಸಿಟ್ಟು ಬರುತ್ತಿತ್ತು, ನೆನೆದರೆ ಈಗಲೂ ಬರುತ್ತದೆ.

ಬೀದರಿನಿಂದ ನಮ್ಮ ಸಂತಪುರದ ಸಾಲೆಗೆ ಬಂದವರು. ಮನೆಮಾತು ದಖನಿ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕಲಿಸಿದರು, ಪೊಲೀಸ್ ಆ್ಯಕ್ಷನ್ ಆದ ಮೇಲೆ ಅದೇ ಪಾಠವನ್ನು ಕನ್ನಡದಲ್ಲಿ ಕಲಿಸಿದರು. ಆ ವರ್ಷ, ಗಲಭೆಗೆ ಹೆದರಿ ಊರು ಬಿಟ್ಟಿದ್ದ ನಮ್ಮಂಥವರು ತಿರುಗಿ ಬಂದರು, ಊರಲ್ಲೇ ಇದ್ದ ಅವರ ಕಡೆಯ ಎಷ್ಟೋ ಮಂದಿ ಬಿಟ್ಟು ಹೋದರು. ಇವರು ಹೋಗಲಿಲ್ಲ. ಯಾಕೆಂದು ಕೇಳಿದರೆ, "ಗಾಳಿ ಎಲ್ಲಾ ಕಡಿ ಒಂದೇ ಅದ" ಎನ್ನುತ್ತಿದ್ದರು. ಅದೂ ಒಂದು ಉತ್ತರವೇ?

ನಮ್ಮೂರ ಸಾಲೆ ನಾಲ್ಕನೇ ಇಯತ್ತೆಗೆ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ಭಾಲ್ಕಿಯಲ್ಲಿ ಸೋದರಮಾವನ ಮನೆಯಲ್ಲಿರಬೇಕು. ನನಗೆ ಹೋಗಬೇಕಾಗಿತ್ತು. ಅಪ್ಪ ಒಲ್ಲೆ ಎನ್ನುತ್ತಿದ್ದ. ಅಪ್ಪನ ಎದುರು ಬಾಯಿ ತೆರೆಯುವ ಧೈರ್ಯ ಇದ್ದದ್ದು ಮಾಸ್ತರರೊಬ್ಬರಿಗೇ.

"ನಾ ಮಾತಾಡ್ತೇನಿ ಬೇಟಿ, ನೀ ಫಿಕರ್ ಮಾಡಬ್ಯಾಡ" ಎಂದರು.

ಚಳಿಗಾಲದ ಒಂದು ಮುಂಜಾನೆ ಬಂದು ಅಂಗಳದಲ್ಲಿ ಕೂತರು. ಚಹಾ ಕುಡಿಯುತ್ತ ಅಪ್ಪ, "ನಿನ್ನಿ ರಾತ್ರಿ ಏನ್ ಥಂಡಿ ಬಿತ್ರಿ ಮಾಸ್ತರ್" ಎಂದುಬಿಟ್ಟ. ಅಷ್ಟೇ ಸಾಕಾಯಿತು.

"ಮೋಡ ಇದ್ದಿದ್ದಿಲ್ಲ ಭಾಯಿ, ಅದಕ್ಕ. ಹಗಲ ಕಾದ ಭೂಮಿ ರಾತ್ರಿ ಬಿಸಿ ಮ್ಯಾಲ ಬಿಡ್ತದ. ಮೋಡ, ಗಾಳಿಯೊಳಗಿನ ನೀರಿನ ಹಬಿ ಅದನ್ನ ಹಿಡದು ಒಂದಿಷ್ಟು ತಿರುಗಿ ಕೆಳಗ ಕಳಸ್ತಾವ."

"ಹಿಡೀಲಾಕ ಗಾಳಿಗೇನ್ ಕೈ ಅದಾವೇನ್ರಿ?"

"ನೀ ಹೊಚಗೊಳ್ಳೊ ಕೌದಿಗಿ ಕೈ ಅದಾವೇನು?"

ಅಪ್ಪ ನಕ್ಕ. ಮಾಸ್ತರು ನಕ್ಕರು. ನನ್ನ ಓದಿನ ಮಾತು ಬರಲೇ ಇಲ್ಲ, ಎದ್ದು ಹೋದರು.

ಮುಂದಿನ ಮಳೆಗಾಲದ ಹೊತ್ತಿಗೆ ಮನೆಯ ಜೋಳ ತೀರಿತು. ಊರು ಬಿಡುವ ಮುಂಚೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ತುಂಬಿ ಬಾಯಿ ಮುಚ್ಚಿದ್ದ ಜೋಳ ಹಾಗೇ ಇತ್ತು. ಹಗೇವು ತೆರೆದರೆ ಒಂದು ದಿನ ಬಿಡಬೇಕು, ದೀಪ ಇಳಿಸಿ ನೋಡಬೇಕು, ಆರಿದರೆ ಒಳಗೆ ಉಸಿರುಗಟ್ಟಿಸುವ ಗಾಳಿ ಇದೆ. ಅದು ನಮ್ಮವರಿಗೆ ಗೊತ್ತಿಲ್ಲದ್ದಲ್ಲ. ಆದರೆ ಮೋಡ ಕವಿದಿತ್ತು, ಮಳೆ ಬಂದರೆ ಕಾಳೆಲ್ಲ ನೀರುಪಾಲು. ವಾಸನೆ ಏನೂ ಇಲ್ಲವೆಂದು ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಬಿಟ್ಟ. ಆ ಹೊತ್ತಿಗೆ ಮಾಸ್ತರು ಎಡವುತ್ತ ಬಂದರು.

"ದೀಪ ಇಳಿಸೀರೇನು?"

"ಮಳಿ ಬರ್ಲಾಕತ್ತದ್ರಿ, ಈಗೆಲ್ಲಿ ದೀಪ."

ಮಾಸ್ತರು ಹಗ್ಗ ಹಿಡಿದು ಕೂತರು, ಬಿಡಲಿಲ್ಲ. ದೀಪ ಇಳಿಸಿದರೆ ಬಾಯಿಂದ ಮೊಳ ಕೆಳಗೆ ಹೋಗುವುದರಲ್ಲಿ ಆರಿತು. ಅಪ್ಪ, "ಎಣ್ಣಿ ತೀರಿರಬೇಕು" ಎಂದ. ಎಣ್ಣೆ ತುಂಬಿ ಇಳಿಸಿದರೂ ಆರಿತು. ಆಮೇಲೆ ಅಪ್ಪ ಸೊಂಟದ ಹಗ್ಗ ಬಿಚ್ಚಿದ. ಬಾಯಿಗೆ ತಗಡು ಮುಚ್ಚಿ, ಮಳೆ ಹೋದ ಮೇಲೆ ಬೇವಿನ ಟೊಂಗೆ ಇಳಿಸಿ ಎಳೆದು ಗಾಳಿ ಆಡಿಸಿ, ದೀಪ ನಿಂತ ಮೇಲೆಯೇ ಇಳಿದ. ಕಾಳು ಉಳಿಯಿತು, ಅವನೂ ಉಳಿದ.

"ಜೀವ ಉಳಸೀರಿ ಮಾಸ್ತರ್. ಏನ್ ಬೇಕು ಕೇಳ್ರಿ, ಇಲ್ಲ ಅನ್ನಂಗಿಲ್ಲ" ಎಂದ ಅಪ್ಪ.

ನಾನು ಕಂಬದ ಮರೆಯಲ್ಲಿದ್ದೆ. ಮಾಸ್ತರು ನನ್ನನ್ನು ನೋಡಿದರು. ನೋಡಿಯೇ ಹೇಳಿದರು: "ಆ ಗಾಳಿ ಏನಂತ ತಿಳಕೋರಿ. ಸಂಜಿಗಿ ಓಣಿ ಮಂದಿ ಎಲ್ಲಾ ಕೂಡ್ರಿ, ಹೇಳ್ತೇನಿ."

ಮಂದಿ ಕೂತರು. ಮಾಸ್ತರು ಹೇಳಿದರು: "ದೀಪ ಆರಿಸಿದ ಗಾಳಿ ನಿಮ್ಮ ಉಸಿರಿನ್ಯಾಗ ಅದ, ಒಲಿ ಹೊಗಿಯೊಳಗ ಅದ, ಆಕಾಶದಾಗೂ ಚೂರು ಅದ. ಬಿಸಿಲಿಗಿ ದಾರಿ ಬಿಡ್ತದ, ಭೂಮಿ ಬಿಸೀನ ಹಿಡೀತದ. ಆ ಚೂರು ಇಲ್ಲಂದ್ರ ನಾವೆಲ್ಲಾ ಥಂಡಿಗಿ ಸೆಟದು ಹೋಗ್ತಿದ್ದೇವು. ಹೆಚ್ಚಾತಂದ್ರ ಕೌದಿ ಮ್ಯಾಲ ಕೌದಿ. ರೈಲಿನವರು, ಗಿರಣಿಯವರು ಕಲ್ಲಿದ್ದಲು ಸುಡ್ಲಾಕತ್ತಾರ, ಅದೆಲ್ಲಾ ಮ್ಯಾಲೇ ಹೋಗ್ತದ."

"ರೈಲು ಭಾಲ್ಕಿಗಿ ಬರ್ತದ್ರಿ, ನಮ್ಮ ಔರಾದ ಕಡಿ ಬರಂಗಿಲ್ಲ. ನಮಗ್ಯಾಕ ಚಿಂತಿ?" ಎಂದ ಪಕ್ಕದ ಮನೆಯ ಕಾಕಾ. ಎಲ್ಲರೂ ನಕ್ಕು ಎದ್ದರು.

ಕಾಕಾ ಇದ್ದಿದ್ದರೆ, ಈಗ ಯಾರಿಗೆ ಚಿಂತೆ ಎಂದು ಕೇಳುತ್ತಿದ್ದೆ. ಬೇಸಿಗೆಯ ರಾತ್ರಿ ಗೋಡೆಗೆ ಬೆನ್ನು ಕೊಟ್ಟರೆ ಸುಡುತ್ತದೆ. ಟಿವಿಯಲ್ಲಿ ದೊಡ್ಡವರು ಕೂತು ಮಾಸ್ತರರ ಮಾತನ್ನೇ ನಿನ್ನೆ ಮೊನ್ನೆ ಕಂಡುಹಿಡಿದವರ ಹಾಗೆ ಹೇಳುತ್ತಾರೆ. ನಾನು ಚಾನೆಲ್ ಬದಲಿಸುತ್ತೇನೆ.

ಅಪ್ಪನಿಗೆ ಗಾಳಿ ಅರ್ಥವಾಯಿತು. ಸಾಯುವ ತನಕ ಬಂದವರಿಗೆಲ್ಲ ಹೇಳುತ್ತಿದ್ದ. ನನ್ನನ್ನು ಮಾತ್ರ ಭಾಲ್ಕಿಗೆ ಕಳಿಸಲಿಲ್ಲ, ಸಾಯಗಾಂವಕ್ಕೆ ಲಗ್ನ ಮಾಡಿ ಕಳಿಸಿದ.

ಎಷ್ಟೋ ವರ್ಷದ ಮೇಲೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬೀದರಿನ ಚಿದ್ರಿಯಲ್ಲಿದ್ದ ಮಾಸ್ತರರ ಮನೆಗೆ ಹೋಗಿ ಕೇಳಿಯೇ ಬಿಟ್ಟೆ. "ಅವತ್ತ ಒಂದ್ ಮಾತ ಕೇಳಿದ್ರ ಸಾಕಿತ್ತಲ್ರಿ. ಯಾಕ ಕೇಳಲಿಲ್ಲ?"

ಮಾಸ್ತರು ಕೂಸಿನ ಕಾಲು ಹಿಡಿದುಕೊಂಡು ಹೇಳಿದರು: "ಕಾಣಲಾರದ್ದು ಒಂದು ತಿಳದ್ರ, ಕಣ್ಣೆದುರು ಇದ್ದದ್ದು ನಿಮ್ಮಪ್ಪ ತಾನೇ ತಿಳೀತಾನಂತ ಮಾಡಿದ್ದೆ ಬೇಟಿ. ಕೇಳಿ ಪಡದ್ರ ಉಪಕಾರ ಆಗ್ತಿತ್ತು, ನಾಳಿ ತಿರುಗಿ ತಗೊಂತಿದ್ದ."

"ತಗೊಂಡಿದ್ರ ತಗೊಂತಿದ್ದ. ಒಂದ್ ವರ್ಷನಾದ್ರೂ ಕಲೀತಿದ್ದೆ" ಎಂದೆ. ಮುಂದಿನ ಬೇಸಿಗೆಯಲ್ಲಿ ಮಾಸ್ತರು ತೀರಿಕೊಂಡರೆಂದು ಸುದ್ದಿ ಬಂತು. ಅವರಿಗೆ ಹಾಗೆ ಅನ್ನಬಾರದಿತ್ತೆಂದು ನನಗೆ ಅನಿಸಿಲ್ಲ. ಅಪ್ಪನ ಜೀವದ ಋಣ ಬೇರೆ, ಇದು ಬೇರೆ.

ಮಗಳು ನಾಲ್ಕನೇ ಇಯತ್ತೆ ಮುಗಿಸಿದ ದಿನ, ಗಂಡನ ಮನೆಯಲ್ಲಿ ಮಾವನವರ ಮುಂದೆ ಹೋಗಿ ನಿಂತೆ. ಮೋಡ, ಮಳೆ ಯಾವ ಮಾತೂ ತೆಗೆಯಲಿಲ್ಲ.

"ಹುಡುಗಿ ಭಾಲ್ಕಿ ಸಾಲಿಗಿ ಹೋಗಬೇಕ್ರಿ."

"ಯಾಕ?"

"ಯಾಕ ಅನ್ನೋದು ಆಮ್ಯಾಲ ಹೇಳ್ತೇನ್ರಿ ಮಾವಾರ. ಮೊದಲ ಹ್ಞೂಂ ಅನ್ರಿ."

ಎಲೆ ಅಡಿಕೆ ಅಗಿದು ಮುಗಿಸಿ ಹ್ಞೂಂ ಅಂದರು. ಯಾಕೆಂದು ಅವರು ಮತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ.